ಸುತ್ತಿಗೆ ಹಿಡಿದು ಬರುವ ಮಕ್ಕಳು ಏನು ಹುಡುಕುತ್ತಾರೆ?

ಚಿತ್ರದುರ್ಗದಿಂದ ಹಿರಿಯೂರು ಕಡೆಗೆ ಹೋಗುವಾಗ ಐಮಂಗಲದ ಆಸುಪಾಸಿನಲ್ಲಿ ಮರಡಿಹಳ್ಳಿ ಇದೆ. ಅಲ್ಲೊಂದು ಬಂಡೆಗುಡ್ಡ. ಆಗಾಗ ಅದರ ಮುಂದೆ ಬಸ್ಸೋ ಟೆಂಪೊವೋ ಬಂದು ನಿಲ್ಲುತ್ತದೆ. ಟೋಪಿ ಹಾಕಿಕೊಂಡ ಕಾಲೇಜು ಹುಡುಗರು, ಹುಡುಗಿಯರು ಇಳಿಯುತ್ತಾರೆ. ಹೆಗಲಿಗೆ ಬ್ಯಾಗು, ಕೈಯಲ್ಲಿ ಸುತ್ತಿಗೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಭೂತಗನ್ನಡಿ. ಬಿಸಿಲಿನಲ್ಲಿ ಬಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಏನೋ ನೋಡುತ್ತಾರೆ, ಬರೆಯುತ್ತಾರೆ, ಮತ್ತೆ ನೋಡುತ್ತಾರೆ.

ಒಮ್ಮೆ ನಾವು ಸುದ್ದಿಗೆಂದು ಆ ಕಡೆ ಹೋಗಿದ್ದಾಗ ಕುರಿ ಹೊಡೆದುಕೊಂಡು ಬಂದ ತಾತ ಒಬ್ಬರು ನಿಂತು ಕೇಳಿದರು: "ಏನ್ರಪ್ಪಾ, ಬಂಗಾರ ಸಿಕ್ತಾ?"

ಒಬ್ಬ ಹುಡುಗಿ ನಕ್ಕು ಹೇಳಿದಳು: "ಇಲ್ಲ ತಾತ, ಸಮುದ್ರ ಸಿಕ್ತು."

ತಾತನಿಗೂ ನಗು ಬಂತು. "ಇಲ್ಲಿ ಕುಡಿಯೋಕೆ ನೀರಿಲ್ಲ, ಇವಳಿಗೆ ಸಮುದ್ರ ಸಿಕ್ತಂತೆ!" ಎಂದು ಕುರಿಗಳ ಹಿಂದೆ ಹೋದರು.

ಆ ಹುಡುಗಿ ಹೇಳಿದ್ದು ತಮಾಷೆಯಲ್ಲ, ನಿಜ. ಅದು ಹೇಗೆ ಎಂದು ಮುಂದೆ ಹೇಳುತ್ತೇವೆ. ಅದಕ್ಕೆ ಮೊದಲು, ಓದುವ ಮಕ್ಕಳನ್ನು ಹೀಗೆ ಕಲ್ಲು ನೋಡಲು ಬಿಸಿಲಿಗೆ ಕರೆತರುವ ಪದ್ಧತಿ ಎಲ್ಲಿಂದ ಬಂತು ಎಂದು ತಿಳಿಯಬೇಕು. ಆ ಕಥೆ ಇಂಗ್ಲೆಂಡಿನ ಒಂದು ಬೇಸಿಗೆಗೆ ನಮ್ಮನ್ನು ಕರೆದುಕೊಂಡು ಹೋಗುತ್ತದೆ.

ಮೇಜುಗಳನ್ನು ಅಳೆದ ಹುಡುಗ

1831ನೇ ಇಸವಿ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿದ್ದ 22 ವರ್ಷದ ಒಬ್ಬ ಹುಡುಗ ಮನೆಯಲ್ಲಿದ್ದ. ಹೆಸರು ಚಾರ್ಲ್ಸ್ ಡಾರ್ವಿನ್. ಡಾಕ್ಟರ್ ಆಗಲೆಂದು ಅಪ್ಪ ಮೊದಲು ಎಡಿನ್‌ಬರೋಗೆ ಕಳಿಸಿದ್ದರು, ಅದು ಹಿಡಿಸಲಿಲ್ಲ. ಅಲ್ಲಿ ಭೂವಿಜ್ಞಾನದ ಪಾಠ ಕೇಳಿ ಎಷ್ಟು ಬೇಸರವಾಗಿತ್ತೆಂದರೆ, ಇನ್ನು ಈ ವಿಷಯದ ಪುಸ್ತಕವನ್ನೇ ಮುಟ್ಟಬಾರದು ಅಂದುಕೊಂಡಿದ್ದ. ಈಗ ಪಾದ್ರಿಯಾಗಲಿ ಎಂಬುದು ಮನೆಯವರ ಆಸೆ.

ಅವನ ಮೇಲೆ ಪ್ರೀತಿ ಇಟ್ಟಿದ್ದ ಮೇಷ್ಟ್ರು ಹೆನ್ಸ್‌ಲೋ. ಗಿಡಮರಗಳ ವಿಷಯ ಕಲಿಸುತ್ತಿದ್ದವರು. ನೀನು ಒಂದಿಷ್ಟು ಕಲ್ಲುಗಳ ವಿದ್ಯೆಯನ್ನೂ ಕಲಿ ಎಂದು ಅವರು ಬುದ್ಧಿ ಹೇಳಿದರು. ಅದೇ ವಿಶ್ವವಿದ್ಯಾಲಯದ ಭೂವಿಜ್ಞಾನ ಪ್ರಾಧ್ಯಾಪಕ ಆಡಂ ಸೆಜ್‌ವಿಕ್ ಅವರಿಗೆ, ಈ ಬೇಸಿಗೆ ವೇಲ್ಸ್ ಬೆಟ್ಟಗಳಿಗೆ ಹೋಗುವಾಗ ಈ ಹುಡುಗನನ್ನೂ ಕರೆದುಕೊಂಡು ಹೋಗಿ ಎಂದು ಹೇಳಿ ಒಪ್ಪಿಸಿದರು.

ಡಾರ್ವಿನ್ ತಯಾರಿ ಮಾಡಿಕೊಂಡ ರೀತಿ ಚೆನ್ನಾಗಿದೆ. ಬಂಡೆಯ ಪದರ ಎಷ್ಟು ಇಳಿಜಾರಾಗಿದೆ ಎಂದು ಅಳೆಯಲು ಕ್ಲೈನೋಮೀಟರ್ ಎಂಬ ಉಪಕರಣ ಇದೆ. ಅದನ್ನು ತರಿಸಿಕೊಂಡ. ಅಳೆಯಲು ಮನೆಯಲ್ಲಿ ಬಂಡೆ ಎಲ್ಲಿದೆ? ಮಲಗುವ ಕೋಣೆಯ ಮೇಜುಗಳನ್ನೆಲ್ಲ ಒಂದೊಂದು ದಿಕ್ಕಿಗೆ ಒಂದೊಂದು ಓರೆಯಲ್ಲಿ ನಿಲ್ಲಿಸಿ ಅವುಗಳನ್ನೇ ಅಳೆದ. ಹಾಗೆಂದು ಮೇಷ್ಟ್ರಿಗೆ ಕಾಗದವನ್ನೂ ಬರೆದ.

ಇಂದಿಗೂ ಭೂವಿಜ್ಞಾನದ ಮಕ್ಕಳು ಹೊಲಕ್ಕಿಳಿದಾಗ ಮೊದಲು ಮಾಡುವ ಕೆಲಸ ಇದೇ. ಇದು ಕಷ್ಟದ ವಿಷಯವೇನಲ್ಲ. ನಮ್ಮ ಹಳೆಯ ನಾಡಹೆಂಚಿನ ಮನೆ ನೆನಪಿಸಿಕೊಳ್ಳಿ. ಮಾಡಿನ ನೆತ್ತಿಯ ಗೆರೆ ಯಾವ ದಿಕ್ಕಿಗಿದೆಯೋ ಅದು ಸ್ಟ್ರೈಕ್. ಮಳೆನೀರು ಹೆಂಚಿನ ಮೇಲೆ ಯಾವ ಕಡೆ ಎಷ್ಟು ಓರೆಯಲ್ಲಿ ಇಳಿಯುತ್ತದೋ ಅದು ಡಿಪ್. ಈ ಎರಡು ಅಳತೆ ಹತ್ತಾರು ಕಡೆ ತೆಗೆದು ನಕ್ಷೆಯ ಮೇಲೆ ಗುರುತು ಹಾಕಿದರೆ, ನೆಲದೊಳಗೆ ಬಂಡೆ ಹೇಗೆ ಮಡಚಿಕೊಂಡಿದೆ, ಎಲ್ಲಿ ಮುಳುಗಿದೆ ಎಂದು ಅಗೆಯದೆಯೇ ಅಂದಾಜು ಮಾಡಬಹುದು.

ಒಂದು ಚಿಪ್ಪಿನ ಪಾಠ

ಆಗಸ್ಟ್ ಮೊದಲ ವಾರ ಸೆಜ್‌ವಿಕ್ ಶ್ರೂಸ್‌ಬರಿ ಊರಿನ ಡಾರ್ವಿನ್ ಮನೆಗೆ ಬಂದು ಉಳಿದರು. ಆಗ ಡಾರ್ವಿನ್ ಅವರಿಗೆ ಒಂದು ಸುದ್ದಿ ಹೇಳಿದ. ಊರ ಹತ್ತಿರದ ಜಲ್ಲಿ ಗುಂಡಿಯಲ್ಲಿ ಕೆಲಸ ಮಾಡುವ ಒಬ್ಬ ಕೂಲಿಯವನಿಗೆ ದೊಡ್ಡದೊಂದು ಚಿಪ್ಪು ಸಿಕ್ಕಿತ್ತು. ಬಿಸಿ ನಾಡುಗಳ ಸಮುದ್ರದಲ್ಲಿ ಮಾತ್ರ ಇರುವ ಜಾತಿಯ ಚಿಪ್ಪು. ಇಂಗ್ಲೆಂಡಿನ ಮಧ್ಯದ ಜಲ್ಲಿಯಲ್ಲಿ ಅದು ಹೇಗೆ ಬಂತು! ದೊಡ್ಡ ಪತ್ತೆಯೆಂದು ಮೇಷ್ಟ್ರು ಕುಣಿದಾಡುತ್ತಾರೆ ಎಂದು ಹುಡುಗ ಕಾಯುತ್ತಿದ್ದ.

ಸೆಜ್‌ವಿಕ್ ಕುಣಿಯಲಿಲ್ಲ. ಅದನ್ನು ಯಾರೋ ಬಿಸಾಡಿರಬೇಕು ಎಂದರು. ಅಂಥ ಚಿಪ್ಪುಗಳನ್ನು ಜನ ಮನೆಯಲ್ಲಿ ಅಂದಕ್ಕೆ ಇಡುತ್ತಿದ್ದ ಕಾಲ ಅದು. ಅದು ನಿಜವಾಗಿಯೂ ಆ ಜಲ್ಲಿಯ ಜೊತೆಗೇ ಹೂತುಹೋದದ್ದಾದರೆ, ಆ ಸೀಮೆಯ ಮಣ್ಣು ಜಲ್ಲಿಗಳ ಬಗ್ಗೆ ಇದುವರೆಗೆ ತಿಳಿದದ್ದೆಲ್ಲ ತಲೆಕೆಳಗಾಗುತ್ತದೆ, ಅದು ಈ ವಿದ್ಯೆಗೇ ನಷ್ಟ ಎಂದೂ ಹೇಳಿದರು.

ಡಾರ್ವಿನ್‌ಗೆ ಆಶ್ಚರ್ಯವಾಯಿತು. ವಿಜ್ಞಾನ ಎಂದರೆ ವಿಚಿತ್ರವಾದ ಒಂದು ವಸ್ತುವನ್ನು ಹಿಡಿದು ಕುಣಿಯುವುದಲ್ಲ, ನೂರು ಸಣ್ಣ ಸಂಗತಿಗಳನ್ನು ಒಟ್ಟಿಗೆ ಇಟ್ಟು ಅವೆಲ್ಲ ಸೇರಿ ಏನು ಹೇಳುತ್ತವೆ ಎಂದು ಕೇಳುವುದು ಎಂಬುದು ಅಂದು ತನಗೆ ಅರ್ಥವಾಯಿತು ಎಂದು ಮುದುಕನಾದ ಮೇಲೂ ನೆನೆದಿದ್ದಾನೆ. ವಾಟ್ಸ್ಯಾಪಿನಲ್ಲಿ ಬಂದದ್ದನ್ನೆಲ್ಲ ಮುಂದಕ್ಕೆ ಕಳಿಸುವ ನಮಗೂ ಈ ಪಾಠ ಬೇಕು.

ಆಗಸ್ಟ್ 5ರಂದು ಇಬ್ಬರೂ ಹೊರಟರು. ಬೆಟ್ಟಗಳಲ್ಲಿ ಸೆಜ್‌ವಿಕ್ ಒಂದು ಉಪಾಯ ಮಾಡುತ್ತಿದ್ದರು. ತಾವು ಒಂದು ದಾರಿಯಲ್ಲಿ ಹೋಗಿ, ಹುಡುಗನನ್ನು ಅದಕ್ಕೆ ಸಮನಾದ ಇನ್ನೊಂದು ದಾರಿಯಲ್ಲಿ ಒಬ್ಬನೇ ಕಳಿಸುತ್ತಿದ್ದರು. ಕಲ್ಲಿನ ತುಂಡು ತಾ, ಪದರ ಯಾವ ಕಡೆ ಬಾಗಿದೆ ಎಂದು ನಕ್ಷೆಯಲ್ಲಿ ಗುರುತು ಮಾಡು. ಆಗ ಚಾಲ್ತಿಯಲ್ಲಿದ್ದ ಅಚ್ಚಾದ ನಕ್ಷೆ ತೋರಿಸಿದ ಕಡೆ ಒಂದು ಬಗೆಯ ಕೆಂಪು ಮರಳುಗಲ್ಲಿನ ಪಟ್ಟಿ ಸಿಗಬೇಕಿತ್ತು. ಡಾರ್ವಿನ್‌ಗೆ ನೆಲದ ಮೇಲೆ ಅದು ಸಿಗಲಿಲ್ಲ. ಸೆಜ್‌ವಿಕ್ ಅವನ ಮಾತನ್ನು ಒಪ್ಪಿದರು. ಅಚ್ಚಾದದ್ದಕ್ಕಿಂತ ತಾನು ಕಣ್ಣಾರೆ ನೋಡಿದ್ದು ಸರಿ ಇರಬಹುದು ಎಂಬ ಧೈರ್ಯ ಒಬ್ಬ ವಿದ್ಯಾರ್ಥಿಗೆ ಬರುವುದು ಹೀಗೆ.

ಆಗಸ್ಟ್ 29ಕ್ಕೆ ಮನೆಗೆ ಮರಳಿದಾಗ ಒಂದು ಕಾಗದ ಕಾಯುತ್ತಿತ್ತು. ಬೀಗಲ್ ಎಂಬ ಹಡಗು ಲೋಕ ಸುತ್ತಲು ಹೊರಟಿದೆ, ಬರುತ್ತೀಯಾ? ಡಿಸೆಂಬರ್ 27ರಂದು ಹಡಗು ಹೊರಟಿತು. ಮುಂದಿನದು ಎಲ್ಲರಿಗೂ ಗೊತ್ತು. ಆದರೆ ಎಲ್ಲರಿಗೂ ಗೊತ್ತಿಲ್ಲದ ಒಂದು ಮಾತಿದೆ. ಆ ಪ್ರವಾಸದಿಂದ ಬಂದ ಡಾರ್ವಿನ್‌ನ ಮೊದಲ ಸಂಶೋಧನಾ ಪುಸ್ತಕಗಳಲ್ಲಿ ಮೂರು ಹವಳದ ದಿಬ್ಬ, ಜ್ವಾಲಾಮುಖಿ ದ್ವೀಪ, ದಕ್ಷಿಣ ಅಮೆರಿಕದ ನೆಲದ ಬಗ್ಗೆ. ಅಂದರೆ ಭೂವಿಜ್ಞಾನ. ಪುಸ್ತಕವನ್ನೇ ಮುಟ್ಟುವುದಿಲ್ಲ ಎಂದಿದ್ದ ಹುಡುಗನನ್ನು ಮೂರು ವಾರದ ನಡಿಗೆ ಹಾಗೆ ಬದಲಿಸಿತ್ತು.

ಕಣ್ಣೆದುರಿದ್ದರೂ ಕಾಣಲಿಲ್ಲ

ಆ ಬೇಸಿಗೆಯ ಇನ್ನೊಂದು ಸಂಗತಿ ನಮಗೆ ಇನ್ನೂ ಮುಖ್ಯ ಅನಿಸುತ್ತದೆ. ವೇಲ್ಸಿನಲ್ಲಿ ಕುಮ್ ಇಡ್ವಾಲ್ ಎಂಬ ಬೆಟ್ಟದ ಬಟ್ಟಲು ಇದೆ. ಗುರು ಶಿಷ್ಯ ಇಬ್ಬರೂ ಅಲ್ಲಿ ಗಂಟೆಗಟ್ಟಲೆ ಬಂಡೆಗಳನ್ನು ಪರೀಕ್ಷಿಸಿದರು. ಹಳೆಯ ಜೀವಿಗಳ ಗುರುತು ಸಿಗುತ್ತದೇನೋ ಎಂದು ಹುಡುಕಿದರು.

ಒಂದು ಕಾಲದಲ್ಲಿ ಆ ಕಣಿವೆ ತುಂಬ ಹಿಮದ ರಾಶಿ ಇತ್ತು. ಅದು ಜಾರುವಾಗ ಬಂಡೆಗಳ ಮೇಲೆ ಗೀರು ಬಿದ್ದಿವೆ, ದೊಡ್ಡ ಗುಂಡುಗಳು ಎಲ್ಲೆಲ್ಲೋ ಕೂತಿವೆ, ತಂದು ಸುರಿದ ಮಣ್ಣಿನ ದಿಬ್ಬಗಳು ಸಾಲಾಗಿ ನಿಂತಿವೆ. ಇಬ್ಬರೂ ಆ ಗೀರುಗಳ ಮೇಲೆಯೇ ಓಡಾಡಿದರು. ಇಬ್ಬರಿಗೂ ಏನೂ ಕಾಣಲಿಲ್ಲ.

1840ರಲ್ಲಿ ಲೂಯಿ ಅಗಾಸಿ ಎಂಬ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಹಿಮಯುಗದ ಬಗ್ಗೆ ಪುಸ್ತಕ ಬರೆದರು. 1842ರಲ್ಲಿ ಡಾರ್ವಿನ್ ಮತ್ತೆ ಅದೇ ಕಣಿವೆಗೆ ಹೋದ. ಈಗ ಎಲ್ಲವೂ ಕಂಡಿತು. ಅಷ್ಟು ಎದ್ದು ಕಾಣುವುದು ಅಂದು ಯಾಕೆ ಕಾಣಲಿಲ್ಲ ಎಂದು ತನಗೆ ತಾನೇ ಬೆರಗಾದ.

ಕಣ್ಣಿದ್ದರೆ ಸಾಲದು, ಏನು ನೋಡಬೇಕೆಂದು ಗೊತ್ತಿರಬೇಕು. ಹಾಗೆಂದು ಪುಸ್ತಕ ಓದಿದರೂ ಸಾಲದು, ಜಾಗಕ್ಕೆ ಹೋಗಬೇಕು. ಎರಡೂ ಸೇರಿದಾಗ ಮಾತ್ರ ಬಂಡೆ ಮಾತಾಡುತ್ತದೆ. ಬೇಸಿಗೆಯ ಈ ಪಾಠಗಳು ಹುಟ್ಟಿಕೊಂಡಿದ್ದು ಇದಕ್ಕಾಗಿಯೇ.

ಗುಡಾರದ ಕಾಲೇಜು

ಒಬ್ಬ ಗುರು ಒಬ್ಬ ಶಿಷ್ಯನ ಈ ನಡಿಗೆ ಮುಂದೆ ಅಮೆರಿಕದಲ್ಲಿ ವಿಶ್ವವಿದ್ಯಾಲಯದ ಕೋರ್ಸೇ ಆಯಿತು. ಮಿಸೌರಿ ವಿಶ್ವವಿದ್ಯಾಲಯ 1911ರಲ್ಲಿ ತನ್ನ ಊರಿನಿಂದ ಬಹಳ ದೂರದ ವಯೋಮಿಂಗ್ ರಾಜ್ಯದ ಲ್ಯಾಂಡರ್ ಹತ್ತಿರ ಬೇಸಿಗೆ ಶಿಬಿರ ಶುರುಮಾಡಿತು. ಇಂಡಿಯಾನಾ ವಿಶ್ವವಿದ್ಯಾಲಯ 1949ರಲ್ಲಿ ಮೊಂಟಾನಾದ ಬೆಟ್ಟಗಳಲ್ಲಿ ಇನ್ನೊಂದು ಕೇಂದ್ರ ತೆರೆಯಿತು. ಮಿಸೌರಿ, ಇಂಡಿಯಾನಾಗಳಲ್ಲಿ ನೆಲದ ಬಹುಭಾಗ ಮಣ್ಣು, ಬೆಳೆ, ಹುಲ್ಲಿನಡಿ ಮುಚ್ಚಿದೆ. ಪಶ್ಚಿಮದ ಬೆಟ್ಟಗಳಲ್ಲಿ ಮರಗಿಡ ಕಡಿಮೆ, ಬಂಡೆಯ ಪದರ ಬರಿಗಣ್ಣಿಗೆ ಕಾಣುತ್ತದೆ. ಅದಕ್ಕೇ ಅಷ್ಟು ದೂರ.

ಇಂಥ ಕೋರ್ಸು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ನಡೆಯುತ್ತದೆ. ಬೆಳಿಗ್ಗೆ ನಕ್ಷೆ ಹಿಡಿದು ಹೊರಡುವುದು, ಸಂಜೆ ಬಂದು ಆ ದಿನ ಕಂಡದ್ದನ್ನು ಬಣ್ಣ ಹಾಕಿ ಬರೆಯುವುದು. ಕೊನೆಗೆ ಒಬ್ಬೊಬ್ಬರೂ ಒಂದು ತುಂಡು ನೆಲದ ನಕ್ಷೆಯನ್ನು ತಾವೇ ಮಾಡಿ ಒಪ್ಪಿಸಬೇಕು. ಪಕ್ಕದವನದು ನೋಡಿ ಬರೆಯಲು ಆಗುವುದಿಲ್ಲ, ಯಾಕೆಂದರೆ ಅವನು ಇನ್ನೊಂದು ದಿಣ್ಣೆಯ ಮೇಲಿರುತ್ತಾನೆ.

ಈ ಶಿಬಿರಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಎಷ್ಟೋ ಶಿಬಿರಗಳು ಬಹಳ ವರ್ಷ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಫ್ಲಾರೆನ್ಸ್ ಬ್ಯಾಸ್ಕಂ ಎಂಬಾಕೆ 1893ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅಲ್ಲಿ ಓದುವಾಗ ಗಂಡುಹುಡುಗರಿಗೆ ಕಾಣದಂತೆ ಪರದೆಯ ಹಿಂದೆ ಕೂತು ಪಾಠ ಕೇಳಬೇಕಿತ್ತು. 1896ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೆ ಕೆಲಸಕ್ಕೆ ತೆಗೆದುಕೊಂಡ ಮೊದಲ ಮಹಿಳೆಯೂ ಅವರೇ. ಬ್ರಿನ್ ಮಾರ್ ಎಂಬ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮೇಷ್ಟ್ರಾಗಿ ತಮ್ಮ ವಿದ್ಯಾರ್ಥಿನಿಯರನ್ನು ಬೆಟ್ಟಗುಡ್ಡಗಳಿಗೆ ಕರೆದುಕೊಂಡು ಹೋದರು.

ಚಂದ್ರನವರೆಗೆ ಹೋದ ಪಾಠ

ಹೊಲದಲ್ಲಿ ನಿಂತು ಕಲ್ಲು ನೋಡುವ ಈ ವಿದ್ಯೆ ಎಷ್ಟು ದೂರ ಹೋಯಿತೆಂದರೆ ಚಂದ್ರನನ್ನೂ ಮುಟ್ಟಿತು. ಚಂದ್ರನ ಮೇಲೆ ನಡೆದ 12 ಜನರಲ್ಲಿ ಭೂವಿಜ್ಞಾನ ಓದಿದವರು ಒಬ್ಬರೇ, 1972ರ ಡಿಸೆಂಬರ್‌ನಲ್ಲಿ ಹೋದ ಹ್ಯಾರಿಸನ್ ಸ್ಮಿಟ್. ಉಳಿದವರಲ್ಲಿ ಹೆಚ್ಚಿನವರು ವಿಮಾನ ಹಾರಿಸುತ್ತಿದ್ದವರು. ಕಲ್ಲೆಂದರೆ ಕಲ್ಲು, ಅಷ್ಟೇ.

ಅವರಿಗೆ ಪಾಠ ಹೇಳಲು ಲಿಯಾನ್ ಸಿಲ್ವರ್ ಎಂಬ ಪ್ರಾಧ್ಯಾಪಕರು ಬಂದರು. ಅಪೋಲೊ 15ರಲ್ಲಿ ಹೋಗಬೇಕಿದ್ದ ಡೇವಿಡ್ ಸ್ಕಾಟ್, ಜೇಮ್ಸ್ ಇರ್ವಿನ್ ಇಬ್ಬರನ್ನೂ ಮರುಭೂಮಿಗೆ, ಬೆಟ್ಟಗಳಿಗೆ ಮತ್ತೆ ಮತ್ತೆ ಕರೆದುಕೊಂಡು ಹೋದರು. ಬೆನ್ನಿಗೆ ಚೀಲ ಹೊತ್ತು, ರೇಡಿಯೊ ಹಿಡಿದು, ಕಂಡದ್ದನ್ನು ಮಾತಿನಲ್ಲಿ ಹೇಳಬೇಕು. ದೂರದಲ್ಲಿ ಆ ಜಾಗವನ್ನೇ ನೋಡದ ಇನ್ನೊಬ್ಬರು ಕೂತು ಕೇಳಿಸಿಕೊಂಡು, ಅಲ್ಲಿ ಏನಿದೆ ಎಂದು ಅರ್ಥ ಮಾಡಿಕೊಳ್ಳಬೇಕು. ಚಂದ್ರನಿಂದ ಮಾತಾಡುವುದೂ ಹಾಗೆಯೇ ತಾನೆ!

1971ರ ಆಗಸ್ಟ್ 1ರಂದು ಚಂದ್ರನ ಮೇಲೆ ಆ ಇಬ್ಬರೂ ಬೂದು ಕಲ್ಲುಗಳ ನಡುವೆ ಒಂದು ಬಿಳಿಯ ಹರಳುಗಲ್ಲನ್ನು ಗುರುತಿಸಿದರು. 400 ಕೋಟಿ ವರ್ಷಕ್ಕೂ ಹಳೆಯದು. ಚಂದ್ರನ ಮೊದಲ ತೊಗಟೆಯ ತುಂಡು. ರಾಶಿ ಕಲ್ಲಿನಲ್ಲಿ ಇದೇ ಬೇಕು ಎಂದು ಆರಿಸುವ ಕಣ್ಣು ಅವರಿಗೆ ಬಂದದ್ದು ಆ ಬಿಸಿಲಿನ ಪಾಠಗಳಿಂದ.

ನಮ್ಮ ನೆಲಕ್ಕೆ ಬಂದ ಸುತ್ತಿಗೆ

ಇನ್ನು ನಮ್ಮ ಕಡೆಗೆ ಬರೋಣ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಸಂಸ್ಥೆ 1851ರಲ್ಲಿ ಶುರುವಾಯಿತು. ಬ್ರಿಟಿಷರಿಗೆ ಮುಖ್ಯವಾಗಿ ಬೇಕಿದ್ದದ್ದು ಕಲ್ಲಿದ್ದಲು. 1858ರಲ್ಲಿ 24 ವರ್ಷದ ರಾಬರ್ಟ್ ಬ್ರೂಸ್ ಫೂಟ್ ಈ ಕೆಲಸಕ್ಕೆ ಸೇರಿ ದಕ್ಷಿಣ ಭಾರತಕ್ಕೆ ಬಂದರು. 1863ರ ಮೇ 30, ನೆತ್ತಿ ಸುಡುವ ಬೇಸಿಗೆ. ಮದ್ರಾಸಿನ ಪಲ್ಲಾವರಂ ಬಳಿ ಒಂದು ಜಲ್ಲಿ ಗುಂಡಿಯಲ್ಲಿ ಅವರಿಗೆ ಒಂದು ಕಲ್ಲು ಸಿಕ್ಕಿತು. ಸಾಮಾನ್ಯ ಕಲ್ಲಲ್ಲ, ಮನುಷ್ಯರು ಕೆತ್ತಿ ಚೂಪು ಮಾಡಿದ ಕೈಗೊಡಲಿ. ಈ ದೇಶದಲ್ಲಿ ಶಿಲಾಯುಗದ ಮನುಷ್ಯರಿದ್ದರು ಎಂಬ ಅಧ್ಯಯನ ಶುರುವಾದದ್ದು ಅಲ್ಲಿಂದ.

ಶ್ರೂಸ್‌ಬರಿಯ ಜಲ್ಲಿ ಗುಂಡಿ ನೆನಪಾಯಿತೇ? ಅಲ್ಲಿ ಸಿಕ್ಕ ಚಿಪ್ಪನ್ನು ನಂಬಬಾರದು ಎಂದು ಹೇಳಿದ್ದು ಪಳಗಿದ ಕಣ್ಣು. ಇಲ್ಲಿ ಸಿಕ್ಕ ಕಲ್ಲನ್ನು ಬಿಸಾಡಬಾರದು ಎಂದು ಹೇಳಿದ್ದೂ ಪಳಗಿದ ಕಣ್ಣೇ.

ಫೂಟ್ ಬಳ್ಳಾರಿ, ಧಾರವಾಡ, ಮೈಸೂರು ಸೀಮೆಗಳಲ್ಲೆಲ್ಲ ಅಲೆದರು. ಬಂಗಾರ, ಕಬ್ಬಿಣದ ಅದಿರು ಇರುವ ನಮ್ಮ ಹಳೆಯ ಬಂಡೆಗಳ ಸಾಲಿಗೆ 1880ರ ದಶಕದಲ್ಲಿ ಧಾರವಾಡದ ಹೆಸರಿಟ್ಟರು. ಆ ಹೆಸರನ್ನು ಜಗತ್ತಿನ ಭೂವಿಜ್ಞಾನಿಗಳೆಲ್ಲ ಇಂದೂ ಬಳಸುತ್ತಾರೆ. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ಮಾಡಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳಿದ ಸಿ.ಎಸ್. ಪಿಚ್ಚಮುತ್ತು, ಇಲಾಖೆಯಲ್ಲಿದ್ದ ಬಿ. ರಾಮರಾವ್, ಬಿ.ಪಿ. ರಾಧಾಕೃಷ್ಣ ಅವರಂಥವರು ನಮ್ಮ ನೆಲವನ್ನು ನಡೆದು ಓದಿದರು. ರಾಧಾಕೃಷ್ಣ ಅವರು 1958ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತೀಯ ಭೂವೈಜ್ಞಾನಿಕ ಸಂಘವನ್ನು ದಶಕಗಳ ಕಾಲ ಬೆಳೆಸಿದರು.

ಗದಗದ ಕಡೆಯಿಂದ ಚಿತ್ರದುರ್ಗ ದಾಟಿ ದಕ್ಷಿಣಕ್ಕೆ ನೂರಾರು ಕಿಲೋಮೀಟರ್ ಹಬ್ಬಿದ ಬಂಡೆಗಳ ಪಟ್ಟಿಗೆ ಚಿತ್ರದುರ್ಗದ ಹೆಸರೇ ಇದೆ. ದೂರದ ವಿಶ್ವವಿದ್ಯಾಲಯಗಳ ಮಕ್ಕಳು ಸುತ್ತಿಗೆ ಹಿಡಿದು ನಮ್ಮ ಜಿಲ್ಲೆಗೆ ಬರುವುದು ಇದಕ್ಕೇ.

ಮುದ್ದೆಯಂತೆ ಪೇರಿಸಿದ ಬಂಡೆ

ಈಗ ಆ ಹುಡುಗಿಯ ಸಮುದ್ರ. ಮರಡಿಹಳ್ಳಿಯ ಬಂಡೆಯನ್ನು ಹತ್ತಿರದಿಂದ ನೋಡಿ. ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಕಾಣುತ್ತದೆ. ಇದರ ಹೆಸರೂ ಪಿಲ್ಲೊ ಲಾವಾ, ದಿಂಬು ಲಾವಾ.

ನೆಲದೊಳಗಿನಿಂದ ಕುದಿಯುವ ಲಾವಾ ನೀರಿನಡಿ ಉಕ್ಕಿದಾಗ ಮೇಲ್ಮೈ ತಟ್ಟನೆ ತಣ್ಣಗಾಗಿ ಗಟ್ಟಿ ಸಿಪ್ಪೆ ಕಟ್ಟುತ್ತದೆ. ಒಳಗೆ ಇನ್ನೂ ಬಿಸಿ ದ್ರವ. ಒತ್ತಡಕ್ಕೆ ಸಿಪ್ಪೆ ಒಡೆದು ಅಲ್ಲಿಂದ ಇನ್ನೊಂದು ಉಂಡೆ ಹೊರಬರುತ್ತದೆ. ಅದೂ ಸಿಪ್ಪೆ ಕಟ್ಟುತ್ತದೆ. ಹೀಗೆ ಉಂಡೆ ಮೇಲೆ ಉಂಡೆ. ಇಂದಿಗೂ ಸಮುದ್ರದ ತಳದ ಜ್ವಾಲಾಮುಖಿಗಳಲ್ಲಿ ಇದೇ ಆಕಾರ ಆಗುತ್ತಿದೆ. ಹಾಗಾಗಿ ಈ ಆಕಾರ ಕಂಡಲ್ಲಿ ಒಂದು ಕಾಲಕ್ಕೆ ನೀರಿತ್ತು ಎಂದೇ ಅರ್ಥ. ಮರಡಿಹಳ್ಳಿಯ ಆ ಕಾಲ 250 ಕೋಟಿ ವರ್ಷಕ್ಕೂ ಹಿಂದಿನದು.

ಇನ್ನೊಂದು ಗುಟ್ಟಿದೆ. ಅನ್ನದಾಸೋಹದಲ್ಲಿ ಬಿಸಿ ಮುದ್ದೆ ಪೇರಿಸಿಡುವುದನ್ನು ನೋಡಿದ್ದೀರಿ. ಮೇಲಿನ ಮುದ್ದೆಯ ಬುಡ ಕೆಳಗಿನ ಎರಡರ ಸಂದಿಗೆ ಇಳಿದು ಚೂಪಾಗುತ್ತದೆ, ನೆತ್ತಿ ಮಾತ್ರ ದುಂಡಗೇ ಇರುತ್ತದೆ. ದಿಂಬು ಲಾವಾದಲ್ಲೂ ಹಾಗೆಯೇ. ಭೂಮಿ ಎಷ್ಟೇ ಮಡಚಿ ತಲೆಕೆಳಗು ಮಾಡಿದ್ದರೂ, ದುಂಡು ನೆತ್ತಿ ಯಾವ ಕಡೆಗಿದೆ ಎಂದು ನೋಡಿ, ಅಂದು ಮೇಲೆ ಯಾವುದು ಕೆಳಗೆ ಯಾವುದು ಎಂದು ಹೇಳಬಹುದು. ಆ ಮಕ್ಕಳು ಕುಕ್ಕರಗಾಲಲ್ಲಿ ಕೂತು ನೋಡುವುದು ಇದನ್ನೇ. ಮುಂದಿನ ಸಲ ಹೋದಾಗ ನೀವೂ ನೋಡಿ.

ಒಂದೇ ಪ್ರತಿ

ನಾವು ಇದೇ ಜಿಲ್ಲೆಯವರು. ಬಸ್ಸಿನ ಕಿಟಕಿಯಿಂದ ಆ ಗುಡ್ಡವನ್ನು ಎಷ್ಟು ಸಲ ನೋಡಿದ್ದೆವೋ ಲೆಕ್ಕವಿಲ್ಲ. ಕಣ್ಣೆದುರಿದ್ದರೂ ಕಂಡಿರಲಿಲ್ಲ, ಕುಮ್ ಇಡ್ವಾಲ್‌ನ ಆ ಇಬ್ಬರಂತೆ.

ಮರಡಿಹಳ್ಳಿಯ ಬಂಡೆಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂಬ ಮಾನ ಇದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಉಡುಪಿಯ ಸೇಂಟ್ ಮೇರಿಸ್ ದ್ವೀಪ, ಕೋಲಾರದ ಪೆದ್ದಪಲ್ಲಿ, ಇವಕ್ಕೂ ಇದೇ ಮಾನ ಸಿಕ್ಕಿದೆ. ಆದರೆ ಮಾನ ಇಲ್ಲದ ಬಂಡೆಗಳೇ ಹೆಚ್ಚು. ಜಿಲ್ಲೆಯ ಇನ್ನೊಂದು ಕಡೆ, ವಿದ್ಯಾರ್ಥಿಗಳು ಬಂದು ನೋಡುತ್ತಿದ್ದ ಒಂದು ದಿಣ್ಣೆ ನಮ್ಮ ಕಣ್ಣೆದುರಿಗೇ ಜಲ್ಲಿಯಾಗಿ ಲಾರಿ ಹತ್ತಿತು. ಆ ವರ್ಷ ಬಂದ ಮೇಷ್ಟ್ರು ಗುಂಡಿಯ ಅಂಚಿನಲ್ಲಿ ನಿಂತು, ಇಲ್ಲಿ ಇತ್ತು ಎಂದು ಕೈ ತೋರಿಸಿ ಮಕ್ಕಳನ್ನು ಬಸ್ಸು ಹತ್ತಿಸಿದರು. ನಮಗೆ ರಸ್ತೆ ಬೇಕು, ಮನೆ ಬೇಕು, ಜಲ್ಲಿಯೂ ಬೇಕು. ಆದರೆ ಜಲ್ಲಿ ನೂರು ಕಡೆ ಸಿಗುತ್ತದೆ. ಆ ದಿಣ್ಣೆ ಒಂದೇ ಇತ್ತು. ಇಂಥ ಜಾಗಗಳನ್ನು ಉಳಿಸಲು ಕಾನೂನು ತರಬೇಕೆಂದು ಕೇಂದ್ರ ಗಣಿ ಸಚಿವಾಲಯ 2022ರಲ್ಲಿ ಒಂದು ಕರಡು ಮಸೂದೆಯನ್ನು ಜನರ ಅಭಿಪ್ರಾಯಕ್ಕೆ ಇಟ್ಟಿತ್ತು. ಕಾನೂನಿಗಾಗಿ ಕಾಯದೆ ಗ್ರಾಮಸಭೆಯಲ್ಲಿ ನಾವೇ ಕೇಳಬಹುದಾದ ಪ್ರಶ್ನೆ ಒಂದಿದೆ: ಕ್ವಾರಿಗೆ ಕೊಡುವ ಮೊದಲು ಆ ಬಂಡೆ ಏನೆಂದು ತಿಳಿದವರಿಗೆ ತೋರಿಸಿದ್ದೀರಾ?

ಬರುವ ವಿದ್ಯಾರ್ಥಿಗಳಿಗೂ ಒಂದು ಮಾತು. ಸ್ಮಾರಕದ ಮೇಲೆ ಸುತ್ತಿಗೆ ಬೇಡ. ಕೆಳಗೆ ಬಿದ್ದ ಚೂರು ನೋಡಿ, ಫೋಟೊ ತೆಗೆಯಿರಿ. ನೀವು ಒಂದು ದಿಂಬು ಒಡೆದರೆ ಮುಂದಿನ ವರ್ಷದವರಿಗೆ ಒಂದು ದಿಂಬು ಕಡಿಮೆ.

ನಮ್ಮೂರಿನವರಿಗೂ ಒಂದು ಮಾತು. ಈಗ ಬರುವ ತಂಡಗಳಲ್ಲಿ ಹೆಣ್ಣುಮಕ್ಕಳೂ ಇರುತ್ತಾರೆ. ಬ್ಯಾಸ್ಕಂ ಅವರಿಗೆ ಪರದೆ ಅಡ್ಡ ಇತ್ತು, ಇವರಿಗೆ ಶೌಚಾಲಯದ ಚಿಂತೆ. ನೀರು ಕೇಳಿದರೆ ಕೊಡಿ, ಬಚ್ಚಲುಮನೆ ಕೇಳಿದರೆ ತೋರಿಸಿ. ಬದಲಿಗೆ ನೀವೂ ಕೇಳಿ: ಇದು ಯಾವ ಕಲ್ಲಮ್ಮಾ, ಹೇಗೆ ಬಂತು? ನಿಮ್ಮ ಬಾವಿ ತೋಡುವಾಗ ಎಷ್ಟು ಅಡಿಗೆ ಯಾವ ಬಂಡೆ ಸಿಕ್ಕಿತು ಎಂದೂ ಹೇಳಿ. ಡಾರ್ವಿನ್‌ಗೆ ಆ ಚಿಪ್ಪು ತೋರಿಸಿದವನೂ ಒಬ್ಬ ಕೂಲಿಯವನೇ.

ಅಂದು ಕುರಿ ಹೊಡೆದುಕೊಂಡು ಹೋದ ತಾತ ಸಂಜೆ ಅದೇ ದಾರಿಯಲ್ಲಿ ಮರಳಿ ಬಂದರು. ಬಸ್ಸು ಹೋಗಿತ್ತು, ನಾವಿನ್ನೂ ಅಲ್ಲೇ ಇದ್ದೆವು. ಅವರು ಬಂಡೆಯ ಹತ್ತಿರ ನಿಂತು, ಒಂದು ದಿಂಬಿನ ಮೇಲೆ ಕೈಯಾಡಿಸಿ ಕೇಳಿದರು: "ಆ ಹುಡುಗಿ ಎಲ್ಲಿ ನೋಡಿದ್ಲು ಸಮುದ್ರಾನ?"

ನಮಗೆ ಗೊತ್ತಿದ್ದಷ್ಟು ತೋರಿಸಿದೆವು.